ಮಸ್ಕಿಯ ಮನೆಯ ಬಚ್ಚಲಮೋರಿ

೧೯೪೯ರ ಮಳೆಗಾಲದ ಒಂದು ರಜೆಯ ದಿನ, ಬೆಳಗಿನ ಬಿಸಿಲು ಇನ್ನೂ ಅಂಗಳಕ್ಕೆ ಇಳಿಯದ ಹೊತ್ತಿನಲ್ಲಿ, ಮಸ್ಕಿಯಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಬಚ್ಚಲಲ್ಲಿ ನಾನಿದ್ದೆ. ಎಡಕ್ಕೆ ಹಂಡೆಯ ಒಲೆ, ಬೆನ್ನಿಗೆ ಬಾಗಿಲು. ಪಾದ ಮುಳುಗುವಷ್ಟು ನೀರು ನಿಂತಿತ್ತು. ಬಗ್ಗಿ ಬಲಗೈಯನ್ನು ಮೊಣಕೈಯವರೆಗೆ ಮೋರಿಯ ತೂತಿನೊಳಗೆ ಇಳಿಸಿದ್ದೆ. ಏನೋ ಕಚ್ಚಿತು. ಕೈ ಎಳೆದುಕೊಂಡೆ. ಎರಡು ಬೆರಳಲ್ಲಿ ರಕ್ತ, ಅಂಗೈಯಲ್ಲಿ ಕೂದಲ ಮುದ್ದೆ, ಮುದ್ದೆಯ ನಡುವೆ ಹಸಿರು ಗಾಜು.

ನಾನು ಧಾರವಾಡದ ಕಡೆಯವನು. ನಿಜಾಮರ ಆಳ್ವಿಕೆ ಮುಗಿದ ಮೇಲೆ ಇಲ್ಲಿಯ ಶಾಲೆಗಳಿಗೆ ಕನ್ನಡ ಕಲಿಸುವವರು ಸಾಲದೆ ನಮ್ಮಂಥವರನ್ನು ಕರೆಸಿಕೊಂಡಿದ್ದರು. ಅಲ್ಲಿ ಕೆಂಪು ಮಣ್ಣು, ಮಳೆ ನಿಂತರೆ ನಡೆಯಬಹುದು. ಇಲ್ಲಿ ಎರೆಮಣ್ಣು, ಹೆಜ್ಜೆಗೊಮ್ಮೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ಅಲ್ಲಿ ನನ್ನ ಹೆಂಡತಿ ಗಂಗವ್ವ. ಇಲ್ಲಿಗೆ ಬಂದ ದಿನವೇ ಓಣಿಯವರು ಅವಳನ್ನು ಗಂಗಮ್ಮ ಮಾಡಿದರು. ಕರೆದರೆ ಅವಳು ತಿರುಗಿ ನೋಡುತ್ತಿರಲಿಲ್ಲ. ಬಚ್ಚಲಿಗೆ ಇಲ್ಲಿ ಕೆಲವರು ಗುಸಲಖಾನಾ ಅನ್ನುತ್ತಾರೆ. ನಮ್ಮೂರಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆಯ ಬುಡಕ್ಕೆ ಕಣ್ಣೆದುರೇ ಹರಿಯುತ್ತಿತ್ತು. ಇಲ್ಲಿ ಅದು ಹಾಸುಗಲ್ಲಿನ ಕೆಳಗೆ ಇಳಿದು, ಗೋಡೆಯಡಿ ತಿರುಗಿ, ಎಲ್ಲಿಗೋ ಹೋಗುತ್ತದೆ. ನಿಂತಾಗಲೇ ಅದರ ನೆನಪಾಗುವುದು.

ಪಕ್ಕದ ಮನೆಯ ಬಸಮ್ಮ ಗಾಣದವರ ಹೆಂಗಸು, ನಮಗಿಂತ ಹಿರಿಯಳು. ನಮ್ಮಿಬ್ಬರ ಹಿತ್ತಲಿಗೂ ನಡುವೆ ಇದ್ದದ್ದು ಎದೆಮಟ್ಟದ ಗೋಡೆ. ನಾನು ಬಿದಿರ ಸೀಳು ತಿವಿಯುವ ಸಪ್ಪಳ ಕೇಳಿ ಅವಳು ಗೋಡೆಯ ಮೇಲಿಂದಲೇ ಕೂಗಿದ್ದಳು:

“ಏನ್ ಮಾಡಾಕತ್ತೀರಿ ಮಾಸ್ತರ? ಮೋರಿಗೆ ಪಾಠಾ ಹೇಳಾಕತ್ತೀರೇನು?”

“ಕಟ್ಟೈತ್ರಿ.”

“ಧಾರವಾಡದ ಬಾಯಿಗೆ ಬಿಡಂಗಿಲ್ಲ ಅದು. ಕೈ ಹಾಕ್ರಿ, ಕೈ!”

ಅದಕ್ಕೇ ಕೈ ಹಾಕಿದ್ದೆ.

ಮತ್ತೆ ಹಾಕಿದೆ, ಈ ಸಲ ಅರಿವೆ ಸುತ್ತಿಕೊಂಡು. ಬಳೆಯ ಚೂರುಗಳು: ಹಸಿರು ಚೂರು, ಕೆಂಪು ಚೂರು, ಚಿನ್ನದ ಚುಕ್ಕೆಯಿದ್ದ ಕಪ್ಪು ಚೂರು. ಗೋಡೆಯಡಿ ಮೋರಿ ತಿರುಗುವಲ್ಲಿ ಅವು ಒಂದರ ಮೇಲೊಂದು ಕೂತು, ಶೀಗೆಯ ಗಸಿಯನ್ನೂ ಕೂದಲನ್ನೂ ಹಿಡಿದುಕೊಂಡಿದ್ದವು. ತೆಗೆದು ತೆಗೆದು ಹಾಸುಗಲ್ಲಿನ ಮೇಲಿಟ್ಟೆ. ಕೊನೆಯ ಹಿಡಿ ಬಂದೊಡನೆ ನೀರು ಗುಳುಗುಳು ಎಂದು ಇಳಿಯಿತು. ನನಗೆ ಏನೂ ಅನಿಸಲಿಲ್ಲ. ನೀರು ಹೋಗುವುದನ್ನು ನೋಡುತ್ತ ನಿಂತೆ.

ಗಂಗವ್ವ ಬಾಗಿಲಿಗೆ ಬಂದವಳು ಕಲ್ಲಿನ ಮೇಲಿದ್ದುದನ್ನು ನೋಡಿದಳು. ಬಚ್ಚಲಲ್ಲಿ ಕೈತುಂಬ ಬಳೆ ಒಡೆಯುವುದು ಗಂಡ ಸತ್ತಾಗ. ಅದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಆಗ ಬಸುರಿ.

“ಮೂರು ಬಣ್ಣ, ಮೂರು ಮಂದಿಯ ಬಳಿ ಇವು,” ಎಂದಳು. “ಮೂರು ಮಂದಿ ರಂಡೆಯರಾದ ಬಚ್ಚಲದಾಗ ನಾ ದಿನಾ ಜಳಕಾ ಮಾಡೀನಿ. ಅಣ್ಣಗ ಹೇಳಿ ಕಳಸ್ರಿ. ನಾ ಇಲ್ಲಿರೂದಿಲ್ಲ.”

ಒಳಗೆ ಹೋಗಿ ಸೀರೆಗಳನ್ನು ಗಂಟು ಕಟ್ಟತೊಡಗಿದಳು. ಊರಲ್ಲಿ ಬೇರೆ ಮನೆ ಸಿಕ್ಕಿರಲಿಲ್ಲ. ನನ್ನ ಜೊತೆ ಬಂದ ಮಾಸ್ತರರಲ್ಲಿ ಕೆಲವರ ಹೆಂಡಂದಿರು ಹೀಗೇ ತವರಿಗೆ ಹೋಗಿ ತಿರುಗಿ ಬಂದಿರಲಿಲ್ಲ. ಇವಳು ಹೋದರೂ ಬರುವುದಿಲ್ಲವೆಂದು ನನಗೆ ತಿಳಿದಿತ್ತು.

ಗೋಡೆ ಸುತ್ತಿ ಬಂದ ಬಸಮ್ಮ ಮೊದಲು ನಗುತ್ತಲೇ ಇದ್ದಳು. ಚೂರು ಕಂಡು ಹಾಸುಗಲ್ಲಿನ ಮೇಲೆ ಕುಕ್ಕರಿಸಿದಳು. ಒಂದು ಚೂರು ಎತ್ತಿಕೊಂಡು ಗಂಗವ್ವನನ್ನು ಕರೆದಳು.

“ಇಲ್ಲಿ ಬಾ ಬೇ ತಂಗಿ. ಗಂಟು ಆಮ್ಯಾಲ ಕಟ್ಟೀಯಂತಿ. ಇವನ್ನ ಒಡದಾಕಿ ನಾನ.”

ಗಂಗವ್ವ ಬಾಗಿಲಲ್ಲೇ ನಿಂತಳು.

“ಈ ಮನ್ಯಾಗ ನಿಮಗಿಂತ ಮೊದಲ ಹುಸೇನಬಿ ಇದ್ಲು, ಇಬ್ರು ಸೊಸಿದೇರು, ರಜಿಯಾ, ಚಾಂದಬಿ. ಹೋದ ವರ್ಷ ನಿಜಾಮಂದು ಮುಗದು ಗದ್ದಲ ಆತಲ್ಲ, ಆವಾಗ ಗಂಡಸರು ಮುಂಚೇನ ಹೈದರಾಬಾದಿಗೆ ಹೋಗಿದ್ರು. ಇವರು ನಸಿಕಿನ್ಯಾಗ ಹಿತ್ತಲ ಹಾದೀಲೆ ಹೊಂಟ್ರು. ಓಣಿ ತುದ್ಯಾಗ ಬಡಿಗಿ ಹಿಡ್ಕೊಂಡು ಮಂದಿ ಕುಂತಿದ್ರು. ಬಳಿ ಸಪ್ಪಳ ಆದ್ರ ಮುಗೀತು. ಕಳ್ಯಾಕ ನೋಡಿದ್ವಿ, ಬರಲಿಲ್ಲ, ಬಿಗಿ ಇದ್ವು. ಹಸಿ ಅರಿವಿ ಸುತ್ತಿ ಗುಂಡಕಲ್ಲಲೆ ಒಡದೆ. ಚಾಂದಬಿ ಕೈಗೆ ಗಾಜು ನಟ್ಟು ರಗತ ಬಂತು. ಅಳಲಿಲ್ಲ ಆಕಿ. ಚೂರು ಬಿದ್ದಿದ್ರ ಹೋಗ್ಯಾರಂತ ತಿಳೀತೈತಂತ ನೀರು ಹೊಯ್ದು ಮೋರ್ಯಾಗ ನೂಕಿದ್ವಿ.”

“ಹೈದರಾಬಾದ ಮುಟ್ಟಿದ್ರೇನು?” ಎಂದಳು ಗಂಗವ್ವ.

“ಯಾರಿಗ್ಗೊತ್ತು.”

ನಾನು ಚೂರುಗಳನ್ನು ಅರಿವೆಯಲ್ಲಿ ಬಾಚಿಕೊಂಡೆ, ಹಳ್ಳಕ್ಕೆ ಬಿಟ್ಟು ಬರೋಣವೆಂದು. ಬಸಮ್ಮ ನನ್ನ ಮಣಿಕಟ್ಟು ಹಿಡಿದಳು.

“ಹಳ್ಳಕ್ಕ ಹಾಕಬ್ಯಾಡ್ರಿ ಮಾಸ್ತರ. ಸತ್ತವರ ಮನೀವಲ್ಲ ಇವು. ಗಂಡ ಇದ್ದವರವು.”

ಚೂರುಗಳನ್ನು ನನ್ನ ಕೈಯಿಂದ ತೆಗೆದುಕೊಂಡದ್ದು ಗಂಗವ್ವ. ಎರಡು ನೀರಿನಲ್ಲಿ ತೊಳೆದಳು, ಬಚ್ಚಲ ಗೋಡೆಯ ಗೂಡಿನಲ್ಲಿಟ್ಟಳು. ಸೀರೆಯ ಗಂಟನ್ನು ಮಾತ್ರ ಆ ದಿನ ಬಿಚ್ಚಲಿಲ್ಲ, ಮರುದಿನವೂ ಬಿಚ್ಚಲಿಲ್ಲ. ನಾನು ಶಾಲೆಗೆ ಹೋಗಿ ಬರುತ್ತಿದ್ದೆ. ಪ್ರತಿ ಸಂಜೆ ಅದು ಅದೇ ಮೂಲೆಯಲ್ಲಿತ್ತು. ಹೇಳಿಕಳಿಸಿದಂತೆ ವಾರದ ಮೇಲೆ ಅವಳ ಅಣ್ಣ ಧಾರವಾಡದಿಂದ ಬಂದ. ರೊಟ್ಟಿ ಬಡಿಸಿ, ಅವನು ಉಂಡು ಕೈ ತೊಳೆದ ಮೇಲೆ ಹೇಳಿದಳು:

“ನಾ ಬರಂಗಿಲ್ಲಣ್ಣ. ಅವರು ತಿರುಗಿ ಬಂದ್ರ ಬಾಗಿಲಾ ತಗ್ಯಾಕ ಯಾರರ ಇರಬೇಕಲ್ಲ.”

‘ಬರಂಗಿಲ್ಲ’ ಎಂಬುದು ಇಲ್ಲಿಯ ಮಾತು, ನಮ್ಮ ಮನೆಗಳಲ್ಲಿ ‘ಬರೂದಿಲ್ಲ’. ಅಣ್ಣ ಅವಳ ಮುಖ ನೋಡಿದ.

ಮಗಳು ಇದೇ ಮನೆಯಲ್ಲಿ ಹುಟ್ಟಿದಳು, ಎತ್ತಿಕೊಂಡವಳು ಬಸಮ್ಮ. ಮೋರಿ ಮತ್ತೆ ಕಟ್ಟಿಲ್ಲ. ಆದರೂ ಪ್ರತಿ ಮಳೆಗಾಲಕ್ಕೆ ಮೊದಲು ಕೈ ಹಾಕಿ ನೋಡುತ್ತೇನೆ. ಗಂಗವ್ವ ಸ್ನಾನಕ್ಕೆ ಹೋಗುವಾಗ ಬಳೆಗಳನ್ನು ಮೊಣಕೈಯ ಕಡೆಗೆ ಒತ್ತಿ ಸರಿಸಿಕೊಳ್ಳುತ್ತಾಳೆ, ಸಪ್ಪಳವಾಗದಂತೆ.

ಈಗ, ೧೯೫೬ರ ಕೊನೆಯಲ್ಲಿ, ಧಾರವಾಡವೂ ಮಸ್ಕಿಯೂ ಒಂದೇ ರಾಜ್ಯಕ್ಕೆ ಸೇರಿವೆ. ಊರಿಗೆ ಮರಳಬಹುದಲ್ಲ ಎಂದು ಧಾರವಾಡದ ನೀವೆಲ್ಲ ಕಾಗದ ಬರೆಯುತ್ತೀರಿ. ಅಲ್ಲಿಗೆ ಬಂದಾಗ ನಮ್ಮನ್ನು ಮಸ್ಕಿಯವರು ಅನ್ನುತ್ತೀರಿ. ಇಲ್ಲಿಯವರು ನಮ್ಮ ಮನೆಯನ್ನು ಇನ್ನೂ ಹುಸೇನಬಿಯ ಮನೆ ಎನ್ನುತ್ತಾರೆ. ಎರಡೂ ಸರಿಯೇ.

ಮೋರಿಯಿಂದ ಚೂರು ಹೊರಬಂದದ್ದನ್ನು ಕಂಡವರು ನಾನು, ಗಂಗವ್ವ, ಬಸಮ್ಮ, ಮೂವರೂ ಇದ್ದೇವೆ. ಹೋದ ಮೂವರ ಸುದ್ದಿ ಇಂದಿಗೂ ಬಂದಿಲ್ಲ. ಅವು ಒಡೆದದ್ದನ್ನು ಕಂಡವರ ಹೆಸರನ್ನೂ ಬರೆಯಬೇಕೆಂದು ಬಸಮ್ಮ ಈಗಷ್ಟೇ ಗೋಡೆಯ ಮೇಲಿಂದ ಹೇಳಿದಳು, ಇರುವವರ ಸಾಲಿನಲ್ಲೇ. ಬರೆಯುತ್ತಿದ್ದೇನೆ: ಬಸಮ್ಮ ಇದ್ದಾಳೆ. ಹುಸೇನಬಿ ಇದ್ದಾಳೆ. ರಜಿಯಾ ಇದ್ದಾಳೆ. ಚಾಂದಬಿ ಇದ್ದಾಳೆ.