ರಬಾಳೆಯಿಂದ ತಂದ ಹಾಲು

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ ಸೊಸೆ ಶ್ವೇತಾಳ ಜೊತೆ ಡೊಂಬಿವಲಿಯಿಂದ ಹೊರಟೆ. ಏಳು ತಿಂಗಳ ಮೊಮ್ಮಗನನ್ನು ಅಜ್ಜನ ಕೈಗೆ ಕೊಟ್ಟಿದ್ದೆವು. ಐವತ್ತು ಜನರಿರುವ ಕಚೇರಿಯಲ್ಲಿ ಶಿಶುಗಳಿಗೊಂದು ಕೋಣೆ ಬೇಕೆಂಬ ಕಾನೂನು ಬಂದ ಮರುವರ್ಷವದು. ರಬಾಳೆಯ ಅವಳ ಕಂಪನಿಯಲ್ಲೂ ಕೋಣೆ ತಯಾರಾಗಿದೆಯೆಂದು ಸುದ್ದಿಯಿತ್ತು. ಮೂವತ್ತು ವರ್ಷ ನಮ್ಮ ಹೊಟೇಲಿನ ಅಡುಗೆಮನೆ ನೋಡಿಕೊಂಡವಳು ನಾನು. ಕಣ್ಣಾರೆ ಕಾಣದೆ ಮಗುವನ್ನು ಎಲ್ಲೂ ಬಿಡುವವಳಲ್ಲ.

ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಾಲೂರಲು ಜಾಗವಿರಲಿಲ್ಲ. ಮುಂಬ್ರಾದ ಗುಡ್ಡ ಹೋಯಿತೋ ಖಾಡಿಯ ನೀರು ಹೋಯಿತೋ ಕಾಣಲಿಲ್ಲ, ಬೆನ್ನುಗಳಷ್ಟೇ ಕಂಡವು. ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ವಾಶಿ ಗಾಡಿ ಹಿಡಿದೆವು. ರಬಾಳೆಯಿಂದ ಶೇರ್ ರಿಕ್ಷಾಕ್ಕೆ ತಲೆಗೆ ಹತ್ತು ರೂಪಾಯಿ. ಇದನ್ನು ಅವಳು ದಿನಕ್ಕೆ ಎರಡು ಸಲ ಮಾಡುತ್ತಾಳೆಂದು ನನಗೆ ಗೊತ್ತಿತ್ತು, ಆದರೆ ಗೊತ್ತಿದ್ದದ್ದು ಅಷ್ಟೇ.

ಕೋಣೆಯ ಬಾಗಿಲಿಗೆ ತೊಟ್ಟಿಲಿನ ಚಿತ್ರ ಅಂಟಿಸಿದ್ದರು. ಒಳಗೆ ಪ್ರಿಂಟರಿನ ಖಾಲಿ ಪೆಟ್ಟಿಗೆಗಳು. ಇನ್‌ಸ್ಪೆಕ್ಷನ್ನಿಗೆ ಇಷ್ಟು ಸಾಕು, ಆಯಾ ಬಂದ ಮೇಲೆ ನೋಡೋಣವೆಂದು ಮ್ಯಾನೇಜರು ಹಿಂದಿಯಲ್ಲಿ ನಯವಾಗಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ಊಟದ ಹೊತ್ತಿಗೆ ಶ್ವೇತಾ ಅದೇ ಪೆಟ್ಟಿಗೆಗಳ ನಡುವೆ ಕುಳಿತು ಹಾಲು ತೆಗೆಯುವ ಕೈಪಂಪು ಹೊರತೆಗೆದಳು. ಬಾಗಿಲಿಗೆ ಚಿಲಕವಿರಲಿಲ್ಲ, ನಾನೇ ಒರಗಿ ನಿಂತೆ. ಅರ್ಧ ಗಂಟೆ ಕಳೆದರೂ ಬಾಟಲಿಯ ಕಾಲುಭಾಗ ತುಂಬಲಿಲ್ಲ. ಅವಳಿಗೆ ಉಣ್ಣಲು ಸಮಯ ಉಳಿಯಲಿಲ್ಲ. ಬಾಟಲಿಯನ್ನು ಐಸಿನ ಚೀಲದಲ್ಲಿಟ್ಟು ನನ್ನ ಕೈಗೆ ಕೊಟ್ಟಳು.

"ಒಮ್ಮೊಮ್ಮೆ ಸಾಕೇ ಸಾಕು ಅನ್ನಿಸ್ತದೆ ಅತ್ತೆ. ಆದ್ರೆ ಅವ ಪೂರಾ ಕುಡಿತಾನೆ ಅಂತ ನೀವು ಹೇಳ್ತೀರಲ್ಲ, ಅದಕ್ಕೇ ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ."

ನಮ್ಮ ಹೊಟೇಲಿನಲ್ಲಿ ನಿನ್ನೆಯದನ್ನು ಇವತ್ತು ಬಡಿಸಿದ್ದಿಲ್ಲ. ಅವಳು ಸಂಜೆ ತಂದಿಟ್ಟು ಫ್ರಿಜ್ಜಿನಲ್ಲಿ ರಾತ್ರಿ ಕಳೆದ ಹಾಲು ನನ್ನ ಲೆಕ್ಕದಲ್ಲಿ ತಂಗಳು. ಅವಳು ಕೆಲಸಕ್ಕೆ ಹೊರಟ ಮೇಲೆ ದಿನವೂ ಅದನ್ನು ಬಾಲ್ಕನಿಯ ಮಲ್ಲಿಗೆ ಬುಡಕ್ಕೆ ಸುರಿಯುತ್ತಿದ್ದೆ. ಎದೆಹಾಲನ್ನು ತುಳಿಯುವಲ್ಲಿ ಚೆಲ್ಲಬಾರದೆಂಬ ಶಾಸ್ತ್ರ ಮಾತ್ರ ನೆನಪಿತ್ತು. ಮಗುವಿಗೆ ಪ್ಯಾಕೆಟ್ ಹಾಲು ಕಾಯಿಸಿ ಕೊಡುತ್ತಿದ್ದೆ. ಹೀಗೆ ಎರಡು ತಿಂಗಳು.

ಮಧ್ಯಾಹ್ನದ ಗಾಡಿಯಲ್ಲಿ ಸೀಟು ಸಿಕ್ಕಿತು. ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಬಂದೆ. ಮನೆ ಸೇರಿದವಳೇ ಚಮಚದಲ್ಲಿ ಕುಡಿಸಿದೆ, ಹುಡುಗ ಒಂದು ಹನಿ ಬಿಡಲಿಲ್ಲ. ಮ್ಯಾನೇಜರನ್ನು ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದೆ. ಆ ಮನುಷ್ಯ ಕೋಣೆ ಕೊಡಲಿಲ್ಲ ನಿಜ, ನನ್ನ ಹಾಗೆ ಹಾಲು ಸುರಿದಿರಲಿಲ್ಲ.

ಸಂಜೆ ಶ್ವೇತಾ ಬಂದು ಕಾಲು ತೊಳೆಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಮಗುವನ್ನೆತ್ತಿ ಮಡಿಲಲ್ಲಿ ಕೂರಿಸಿಕೊಂಡಳು.

"ನಾಳೆಯಿಂದ ಪ್ಯಾಕೆಟಿನದ್ದೇ ಕೊಡಿ ಅತ್ತೆ," ಎಂದಳು. "ನಾನು ಮಧ್ಯಾಹ್ನ ಊಟ ಮಾಡ್ತೇನೆ."