ಓವರ್‌ಡ್ರಾಫ್ಟ್ ತೀರಿಸಿದ ಅಪರಾಧ

ಇಪ್ಪತ್ತೆರಡು ವರ್ಷ ನಾನು ಬ್ಯಾಂಕಿನ ದುಡ್ಡಿನಲ್ಲಿ ವ್ಯಾಪಾರ ಮಾಡಿದೆ. ಒಂದು ದಿನವೂ ಸಾಲಗಾರ ಅನ್ನಿಸಿಕೊಳ್ಳಲಿಲ್ಲ. ಅದು ಹೇಗೆ ಎಂದು ನೀವು ಕೇಳಿದರೆ, ನೀವು ನಮ್ಮ ಕೂಡ್ಲಿಗಿಯ ಬಜಾರಿನಲ್ಲಿ ಅಂಗಡಿ ಇಟ್ಟವರಲ್ಲ ಎಂದಾಯಿತು. ನಮ್ಮಲ್ಲಿ ಸಾಲ ಬೇರೆ, ಓಡಿ ಬೇರೆ. ಸಾಲವೆಂದರೆ ಗತಿಯಿಲ್ಲದವರು ತಲೆ ತಗ್ಗಿಸಿಕೊಂಡು ತರುವಂಥದ್ದು. ಓಡಿ, ಅಂದರೆ ಓವರ್‌ಡ್ರಾಫ್ಟ್, ಯೋಗ್ಯತೆ ಇದ್ದವರಿಗೆ ಬ್ಯಾಂಕಿನವರೇ ಕುರ್ಚಿ ಹಾಕಿ, ಚಹಾ ತರಿಸಿ ಕೊಡುವಂಥದ್ದು. ಖಾತೆಯಲ್ಲಿ ಬಿಡಿಗಾಸು ಇಲ್ಲದಿದ್ದರೂ ನನ್ನಂಥವನು ಐದು ಲಕ್ಷದವರೆಗೆ ಚೆಕ್ಕು ಬರೆಯಬಹುದು. ಬರೆದದ್ದಕ್ಕೆಲ್ಲ ತಿಂಗಳು ತಿಂಗಳು ಬಡ್ಡಿ ಬೀಳುತ್ತದೆ, ನಿಜ. ಮರ್ಯಾದಸ್ಥರು ಅಂಥ ಸಣ್ಣ ಮಾತು ಎತ್ತುವುದಿಲ್ಲ. ಒಮ್ಮೆ ನೆಂಟರ ಹುಡುಗಿಗೆ ಗಂಡಿನ ಮನೆ ನೋಡಲು ಕೊಟ್ಟೂರಿಗೆ ಹೋಗಿದ್ದೆವು. ಹುಡುಗನ ಓದು, ನೌಕರಿ ಎಲ್ಲ ಹೇಳಿ ಮುಗಿಸಿದ ಮೇಲೆ ಅವನ ಸೋದರಮಾವ ಒಮ್ಮೆ ಕೆಮ್ಮಿ, ‘ಮತ್ತ ಅಂಗಡಿ ಮ್ಯಾಲೆ ಹತ್ತು ಲಕ್ಷದ ಓಡಿ ಐತ್ರಿ’ ಎಂದ. ನಮ್ಮ ಕಡೆಯವರ ಮುಖ ಅರಳಿತು. ಹತ್ತು ಲಕ್ಷದ ಸಾಲ ಐತ್ರಿ ಎಂದಿದ್ದರೆ ತಟ್ಟೆಯಲ್ಲಿದ್ದ ಅವಲಕ್ಕಿಯನ್ನೂ ಮುಟ್ಟದೆ ಎದ್ದು ಬರುತ್ತಿದ್ದರು.

ನನ್ನದು ಸ್ಟೀಲ್ ಪಾತ್ರೆಗಳ ಅಂಗಡಿ. ಅಪ್ಪ ಹಿತ್ತಾಳೆ, ತಾಮ್ರ ಮಾರುತ್ತಿದ್ದ ಕಡೆ ನಾನು ಸ್ಟೀಲ್ ತುಂಬಬೇಕೆಂದು ಹೊರಟಾಗ ದುಡ್ಡು ಬೇಕಾಯಿತು. ಅಂಗಡಿಯ ಜಾಗ ಬಾಡಿಗೆಯದು. ಒತ್ತೆ ಇಡಲು ನನ್ನ ಬಳಿ ನನ್ನ ಮಾತೊಂದೇ ಇತ್ತು. ಬ್ಯಾಂಕಿನವರು ಅದನ್ನು ತೂಗಿ ನೋಡುವ ಗೋಜಿಗೂ ಹೋಗಲಿಲ್ಲ. ಆಗ ನನ್ನ ಕಣ್ಣಿಗೆ ಬಿದ್ದದ್ದು ಗಿರಿಜಾಳ ಸೈಟು. ಗಿರಿಜಾ ನನ್ನ ಹೆಂಡತಿ, ತವರು ಹಗರಿಬೊಮ್ಮನಹಳ್ಳಿ. ಮದುವೆಯಾದ ವರ್ಷ ಅವಳಪ್ಪ ಆ ಊರಿನಲ್ಲಿ ಒಂದು ಸೈಟನ್ನು ಅವಳ ಹೆಸರಿಗೆ ಬರೆಸಿ, ‘ನಿನಗ ಅಂತ ಒಂದು ಜಾಗ ಇರ್ಲವ್ವ’ ಅಂದಿದ್ದರು. ನಾನು ಅದರ ಪತ್ರ ಕೇಳಿದೆ. ‘ಎರಡು ವರ್ಷ ಅಷ್ಟ. ಬಿಡಿಸಿ ನಿನ್ನ ಕೈಯಾಗ ಇಡ್ತೀನಿ’ ಎಂದೆ. ಗಿರಿಜಾ ಟ್ರಂಕಿನಿಂದ ಪತ್ರ ತೆಗೆದುಕೊಟ್ಟಳು. ಬಡ್ಡಿ ಎಷ್ಟು ಎಂದು ಕೂಡ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ, ಆ ಮಾತು ಬೇರೆ.

ಎರಡು ವರ್ಷ ಇಪ್ಪತ್ತೆರಡಾಯಿತು. ಹೊಳಲಿನ ಗುಡಿಯಲ್ಲಿ ಅನಂತಶಯನ ಮಲಗಿದ ಹಾಗೆ ನನ್ನ ಅಸಲು ಹಾಯಾಗಿ ಮಲಗಿತ್ತು. ನಾನು ತಪ್ಪದೆ ಬಡ್ಡಿ ಕಟ್ಟಿ ಅದರ ಕಾಲು ಒತ್ತುತ್ತಿದ್ದೆ. ವರ್ಷಕ್ಕೊಮ್ಮೆ ಓಡಿಯನ್ನು ಹೊಸದು ಮಾಡಿಸಬೇಕು. ಅವತ್ತು ಗಿರಿಜಾ ಒಳ್ಳೆಯ ಸೀರೆ ಉಟ್ಟು ಬ್ಯಾಂಕಿಗೆ ಬಂದು, ತೋರಿಸಿದಲ್ಲೆಲ್ಲ ಸಹಿ ಹಾಕಿ, ಮೆಟ್ಟಿಲು ಇಳಿಯುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದಳು: ‘ಪತ್ರಕ್ಕ ಹುಳ ಗಿಳ ಹತ್ತಿಲ್ಲ ಹೌದಿಲ್ಲೋ?’

‘ಏ, ಕಬ್ಬಿಣದ ತಿಜೋರ್ಯಾಗ ಐತಿ. ನಮ್ಮ ಮನಿಗಿಂತ ಭದ್ರ,’ ಎನ್ನುತ್ತಿದ್ದೆ ನಾನು.

ಈ ಭದ್ರತೆ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಪತ್ರದ ಜೊತೆ ಸೈಟೂ ಆ ತಿಜೋರಿಯೊಳಗೇ ಇದೆ ಎನ್ನುವ ಹಾಗೆ ನಡೆದುಕೊಂಡೆವು. ಹಗರಿಬೊಮ್ಮನಹಳ್ಳಿಗೆ ಹಬ್ಬಕ್ಕೆ, ಹುಣ್ಣಿಮೆಗೆ ಎಷ್ಟು ಸಲ ಹೋದರೂ ಆ ಕಡೆ ಹಾಯ್ದು ನೋಡಲಿಲ್ಲ. ಬ್ಯಾಂಕಿನಲ್ಲಿ ಇಟ್ಟದ್ದನ್ನು ಹೋಗಿ ನೋಡುವುದೇನು, ಅಲ್ಲವೆ?

ಬ್ಯಾಂಕಿಗೆ ನಾನು ಪ್ರತಿ ತಿಂಗಳು ಅಂಗಡಿಯಲ್ಲಿರುವ ಸರಕಿನ ಪಟ್ಟಿ ಬರೆದುಕೊಡಬೇಕಿತ್ತು. ಸಾಹಿತ್ಯಕ್ಕೂ ನನಗೂ ಇರುವ ಸಂಬಂಧ ಅಷ್ಟೇ. ಅಪ್ಪನ ಕಾಲದ ಹದಿನಾಲ್ಕು ಹಿತ್ತಾಳೆ ಹಂಡೆಗಳು ಅಟ್ಟದ ಮೇಲೆ ಜೇಡರಬಲೆ ಹೊದ್ದು ಕೂತಿದ್ದವು. ನನ್ನ ಪಟ್ಟಿಯಲ್ಲಿ ಅವು ತಿಂಗಳಿಗೊಮ್ಮೆ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು, ಫಳಫಳ ಹೊಳೆಯುತ್ತ, ಈಗಷ್ಟೇ ಬಂದ ಮಾಲಾಗಿ ನಿಲ್ಲುತ್ತಿದ್ದವು. ನೋಡಲು ಬಂದ ಬ್ಯಾಂಕಿನವರು ಏಣಿ ಹತ್ತುವವರಲ್ಲ ಎನ್ನುವುದೇ ನಮ್ಮಿಬ್ಬರ ನಡುವಿನ ವಿಶ್ವಾಸ.

ಹೀಗೆ ಸುಖವಾಗಿದ್ದವನ ನೆಮ್ಮದಿ ಕೆಡಿಸಿದ್ದು ಬಾಗಳಿಯ ಕಲ್ಲು. ಹೋದ ವರ್ಷ ಹರಪನಹಳ್ಳಿಗೆ ಒಂದು ಮದುವೆಗೆ ಹೋದವರು ಹಾಗೇ ಬಾಗಳಿಗೂ ಹೋಗಿ ಕಲ್ಲೇಶ್ವರನ ಗುಡಿ ನೋಡಿದೆವು. ಅಲ್ಲಿ ಶಾಸನಗಳು ಹೇರಳ. ಜೊತೆಯಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಹಳೆಯ ದಾನಶಾಸನಗಳ ರೀತಿಯನ್ನು ವಿವರಿಸಿದರು. ಯಾರು ಕೊಟ್ಟರು, ಎಷ್ಟು ಭೂಮಿ, ಎಲ್ಲಿಂದ ಎಲ್ಲಿಗೆ ಎಲ್ಲೆ, ಎಲ್ಲ ಬರೆದು, ಕಡೆಯಲ್ಲಿ ಕೊಟ್ಟ ಭೂಮಿಯನ್ನು ನುಂಗಿದವನಿಗೆ ಶಾಪ ಬರೆಯುತ್ತಿದ್ದರಂತೆ. ಹಳೆಯ ಕಾಲದವರು ಜಾಣರು ನೋಡಿ. ನೋಟೀಸಿಲ್ಲ, ದಂಡದ ಬಡ್ಡಿಯಿಲ್ಲ, ವಕೀಲರ ಖರ್ಚಿಲ್ಲ, ನೇರವಾಗಿ ನರಕ. ಗಿರಿಜಾ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಏನಾದರೂ ಜಗಳ ತೆಗೆದು ಪಾರಾಗಬಹುದಿತ್ತು. ನನಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು.

ಊರಿಗೆ ಬಂದವನು ಓಡಿ ತೀರಿಸಲು ನಿಂತೆ. ಹಾಕಿದ್ದ ಚೀಟಿ ಎತ್ತಿದೆ. ಮದುವೆ ಸೀಜನ್ನಿನ ದುಡ್ಡನ್ನು ಹೊಸ ಮಾಲಿಗೆ ಹಾಕದೆ ಖಾತೆಗೆ ಸುರಿದೆ. ಕಡೆಗೆ ಹೊಸಪೇಟೆ ಕಡೆಯ ಒಂದು ರೆಸಾರ್ಟಿನವರು ಬಂದು ಹದಿನಾಲ್ಕು ಹಂಡೆಗಳನ್ನೂ ಹೇಳಿದ ರೇಟಿಗೆ ಒಯ್ದರು. ಅದರಲ್ಲಿ ನೀರು ಕಾಯಿಸುವುದಿಲ್ಲವಂತೆ, ಹೂವಿನ ಗಿಡ ಇಡುತ್ತಾರಂತೆ. ನನ್ನಪ್ಪ ಕೇಳಿದ್ದರೆ ಅವರಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಿದ್ದ.

ಕೊನೆಯ ಕಂತು ಕಟ್ಟಿ, ಖಾತೆ ಮುಚ್ಚುವ ಅರ್ಜಿ ಇಟ್ಟಾಗ ಮ್ಯಾನೇಜರರ ಮುಖ ನೋಡಬೇಕಿತ್ತು. ಹೊಸದಾಗಿ ಬಂದ ಸಣ್ಣ ವಯಸ್ಸಿನವರು. ‘ಯಾಕ್ರಿ ಸಾವ್ಕಾರ್ರ, ನಮ್ಮಿಂದ ಏನರ ತಪ್ಪಾತೇನ್ರಿ?’ ಎಂದರು, ಮಗಳನ್ನು ಗಂಡನ ಮನೆಯಿಂದ ವಾಪಸ್ಸು ಕರೆತಂದವನನ್ನು ಕೇಳುವ ದನಿಯಲ್ಲಿ. ಆಮೇಲೆ ಕಂಪ್ಯೂಟರ್ ನೋಡಿ, ವರ್ಷ ತುಂಬಲು ಇನ್ನೂ ಏಳು ತಿಂಗಳಿರುವುದರಿಂದ ಅವಧಿಗೆ ಮೊದಲೇ ತೀರಿಸಿದ್ದಕ್ಕೆ ಶುಲ್ಕ ಬೀಳುತ್ತದೆ ಎಂದರು. ಎರಡು ವರ್ಷದ ಮಾತನ್ನು ಇಪ್ಪತ್ತೆರಡನೆಯ ವರ್ಷ ಉಳಿಸಿಕೊಂಡವನಿಗೆ ಅವಸರ ಮಾಡಿದ ದಂಡ! ಕಟ್ಟಿದೆ. ಜಗತ್ತಿನಲ್ಲಿ ನನ್ನನ್ನು ಚುರುಕು ಮನುಷ್ಯ ಎಂದು ಒಪ್ಪಿದ ಏಕೈಕ ರಸೀದಿ ಅದು. ಪತ್ರ ಬೇರೆ ಊರಿನ ದೊಡ್ಡ ಕಚೇರಿಯಲ್ಲಿತ್ತು, ಬರಲು ಸ್ವಲ್ಪ ದಿನ ಬೇಕು ಎಂದರು. ಹೊರಡುವಾಗ ನಾಲ್ಕು ಹಾಳೆಯ ಒಂದು ಫಾರ್ಮನ್ನು ಕೈಗಿಟ್ಟು, ‘ಮನಸು ಬದಲಾದ್ರ ಇರ್ಲಿ. ಸೈಟಿಂದು ಈಗಿನ ಫೋಟೋ ಒಂದು ತಂದ್ಬಿಡ್ರಿ, ಎಂಟು ಲಕ್ಷ ಮಾಡಿಕೊಡ್ತೀನಿ,’ ಎಂದರು.

ಬ್ಯಾಂಕಿನಿಂದ ಅಂಗಡಿಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಪಕ್ಕದ ಬಟ್ಟೆ ಅಂಗಡಿಯ ವೀರಣ್ಣ, ನನ್ನ ಹಳೆಯ ಗೆಳೆಯ, ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟ. ಗಿರಾಕಿಗಳಿದ್ದಾಗ ವೀರಣ್ಣ ಗಲ್ಲಾ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ನನ್ನ ಮುಂದ ಮುಚ್ಚಿಡಬ್ಯಾಡ ಶರಣಪ್ಪ. ಬ್ಯಾಂಕಿನೋರು ಓಡಿ ಕಿತ್ತಿಕೊಂಡ್ರಂತಲ್ಲ?’

‘ಇಲ್ಲಲೇ, ನಾನ ತೀರಿಸೀನಿ.’

‘ಹ್ಞಾಂ, ಹಂಗ ಹೇಳು. ಮಂದಿ ಕೇಳಿದ್ರ ಹಂಗ ಹೇಳ್ಬೇಕು,’ ಎಂದು ಮೆಚ್ಚಿಕೊಂಡ.

ಓಡಿ ಇಟ್ಟುಕೊಂಡವನು ವ್ಯಾಪಾರಸ್ಥ. ತೀರಿಸಿದವನು ಒಂದೋ ದಿವಾಳಿ, ಇಲ್ಲವೇ ಅಂಗಡಿ ಮುಚ್ಚುವವನು. ಬಜಾರಿನ ಈ ತರ್ಕಕ್ಕೆ ಮೂರನೆಯ ದಾರಿ ಇಲ್ಲ. ಒಂದು ವಾರದಲ್ಲಿ ಯಾರೋ ಬಂದು ರ‍್ಯಾಕುಗಳನ್ನು ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದರು. ಒಬ್ಬ ಮುದುಕಿ ಇಡ್ಲಿ ಪಾತ್ರೆ ಹಿಡಿದು, ‘ಹೆಂಗೂ ಮುಚ್ಚಾಕ ಹತ್ತಿಯಲ್ಲಪ್ಪ, ಅರ್ಧಕ್ಕ ಕೊಡು,’ ಎಂದು ಪಟ್ಟು ಹಿಡಿದಳು. ದಾವಣಗೆರೆಯ ಸಗಟು ವ್ಯಾಪಾರಿ, ವರ್ಷಗಟ್ಟಲೆ ಉದ್ರಿ ಕೊಟ್ಟವನು, ಫೋನು ಮಾಡಿ ಆರೋಗ್ಯ ವಿಚಾರಿಸಿ, ಹೆಂಡತಿ ಮಕ್ಕಳನ್ನು ವಿಚಾರಿಸಿ, ‘ಹಳೇ ಬಾಕಿ ಕೊಟ್ಬಿಡಿ ಅಣ್ಣ, ಇನ್ನು ಮೇಲೆ ರೊಕ್ಕ ಇಟ್ಟು ಮಾಲು ಒಯ್ಯಿರಿ,’ ಎಂದ. ಸಾಲವಿದ್ದಾಗ ನಂಬಿದವರೆಲ್ಲ ಸಾಲ ತೀರಿದ ಮೇಲೆ ಅಪನಂಬಿಕೆಯಿಂದ ನೋಡತೊಡಗಿದರು. ಮದುವೆಯ ದಿನಗಳು ಮತ್ತೆ ಎದುರಿಗೇ ಇದ್ದವು. ರ‍್ಯಾಕುಗಳು ಹಲ್ಲು ಬಿದ್ದ ಬಾಯಿಯಂತಾದವು.

‘ಇನ್ನೊಂದು ಓಡಿ ಮಾಡಿಸಿಬಿಡಲೇ. ಮರ್ಯಾದಿ ತಾನ ವಾಪಸ್ ಬರ್ತೈತಿ,’ ಎಂದ ವೀರಣ್ಣ. ಅವನದು ಒಳ್ಳೆಯ ಮನಸ್ಸು. ಕೆಟ್ಟ ಬುದ್ಧಿ ನನ್ನದು. ಅಷ್ಟರಲ್ಲಾಗಲೇ ಫಾರ್ಮು ತುಂಬಿ ಇಟ್ಟಿದ್ದೆ.

ಪತ್ರ ಬಂತು. ಗಿರಿಜಾಳ ಕೈಯಲ್ಲಿಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡು, ಒಂದೊಂದೇ ಹಾಳೆ ತಿರುಗಿಸಿ, ಕೊನೆಯಲ್ಲಿ ಅವಳಪ್ಪನ ಸಹಿ ಬಂದಾಗ ನಿಂತಳು. ಅವರು ತೀರಿಕೊಂಡು ಒಂಬತ್ತು ವರ್ಷ. ‘ಅಪ್ಪನ ಕೈ ನಡುಗ್ಯಾವ ನೋಡ್ರಿ,’ ಎಂದಳಷ್ಟೆ. ಭಾನುವಾರ ಹೋಗಿ ಸೈಟು ನೋಡಿ ಬರೋಣ ಎಂದೆ. ಅವಳಿಗೆ ಆದ ಸಂತೋಷ ನೋಡಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನನಗೆ ಬೇಕಾಗಿದ್ದದ್ದು ಫೋಟೋ.

ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ, ಮಿರ್ಚಿ ಮಂಡಕ್ಕಿ ತಿಂದು, ಹಗರಿಬೊಮ್ಮನಹಳ್ಳಿ ಮುಟ್ಟಿದೆವು. ದಾರಿಯುದ್ದಕ್ಕೂ ಎಂಟು ಲಕ್ಷದಲ್ಲಿ ಯಾವ ಮಾಲು ಎಷ್ಟು ತರಬೇಕು ಎಂದು ಲೆಕ್ಕ ಹಾಕುತ್ತಲೇ ಇದ್ದೆ. ತಿಜೋರಿಯಲ್ಲಿ ಭದ್ರವಾಗಿದ್ದ ನಮ್ಮ ಸೈಟಿನಲ್ಲಿ ಯಾರದೋ ಉಸುಕಿನ ಗುಡ್ಡೆ ಇತ್ತು, ಒಂದು ಆಟೋ ನಿಂತಿತ್ತು, ಎರಡು ಕಂಬಗಳ ನಡುವೆ ಪಕ್ಕದ ಮನೆಯವರ ಬಟ್ಟೆ ಒಣಗುತ್ತಿದ್ದವು. ಉಳಿದಷ್ಟು ಜಾಗದಲ್ಲಿ ನೆಗ್ಗಿನ ಮುಳ್ಳು ಹಳದಿ ಹೂ ಬಿಟ್ಟು ಹಬ್ಬಿತ್ತು.

ಪಕ್ಕದ ಮನೆಯ ಹೆಂಗಸು ಹೊರಗೆ ಬಂದು, ‘ಯಾರ್ರಿ ನೀವು?’ ಎಂದಳು.

‘ಈ ಜಾಗದಾಕಿ ನಾನು,’ ಎಂದಳು ಗಿರಿಜಾ.

ಅಂಥ ದನಿಯನ್ನು ನಾನು ಅವಳಲ್ಲಿ ಎಂದೂ ಕೇಳಿರಲಿಲ್ಲ. ಆ ಹೆಂಗಸು ಬಟ್ಟೆ ತೆಗೆಯತೊಡಗಿದಳು. ‘ಇರ್ಲಿ ಬಿಡವ್ವ, ಒಣಗಿದ ಮ್ಯಾಲೆ ತಗಿ,’ ಎಂದು ಹೇಳಿ, ಗಿರಿಜಾ ರಸ್ತೆಯ ಅಂಚಿನಲ್ಲಿ ಒಂದು ಕಡೆ ನಿಂತು ಅತ್ತಿತ್ತ ನೋಡಿ, ಚಪ್ಪಲಿ ಕಳಚಿ ಜೋಡಿಸಿಟ್ಟಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು ಒಳಗೆ ನಡೆದಳು. ಹೌದು, ಒಳಗೆ. ಗೋಡೆಯಿಲ್ಲ, ಬಾಗಿಲಿಲ್ಲ, ಆದರೂ ಅವಳು ಎಲ್ಲಿ ಹೊರಗಿನಿಂದ ಒಳಗೆ ಹೋದಳು ಎನ್ನುವುದು ನನಗೆ ಸ್ಪಷ್ಟವಾಗಿ ಕಂಡಿತು.

ನಾನು ಫೋನು ತೆಗೆದು, ನಾಲ್ಕೂ ಮೂಲೆ ಹಿಡಿಯುವ ಹಾಗೆ ಎತ್ತಿ ಹಿಡಿದು, ಎರಡು ಹೆಜ್ಜೆ ಮುಂದೆ ಬಂದೆ.

‘ಏನ್ರೀ ಅದು?’ ಗಿರಿಜಾ ತಿರುಗಿ ನಿಂತಳು. ಫೋನಿನ ಬಗ್ಗೆ ಕೇಳುತ್ತಿದ್ದಾಳೆಂದು ತೊದಲಲು ಶುರುಮಾಡಿದೆ. ಅವಳ ಕಣ್ಣು ನನ್ನ ಕಾಲಿನ ಮೇಲಿತ್ತು.

‘ಚಪ್ಪಲಿ ಹಾಕ್ಕೊಂಡು ಮನಿಯೊಳಗ ಬರ್ತಾರೇನ್ರಿ? ಹೊರಗ ಬಿಟ್ಟು ಬರ್ರಿ.’

ನಗುತ್ತಿದ್ದಾಳೇನೋ ಎಂದು ನೋಡಿದೆ. ನಗುತ್ತಿರಲಿಲ್ಲ. ನೆಲ ತುಂಬ ಮುಳ್ಳು, ಅಂಗಡಿ ತುಂಬ ಖಾಲಿ ರ‍್ಯಾಕು. ಬ್ಯಾಂಕಿನವರಿಗೆ ಏನು ಹೇಳುವುದು, ದಾವಣಗೆರೆಯವನಿಗೆ ಏನು ಕೊಡುವುದು, ಅದೆಲ್ಲ ಆಮೇಲಿನ ಮಾತು. ಫೋನನ್ನು ಕಿಸೆಗೆ ಹಾಕಿ, ಚಪ್ಪಲಿ ಬಿಟ್ಟೆ. ಮೊದಲ ಹೆಜ್ಜೆಗೇ ಮುಳ್ಳು ಚುಚ್ಚಿತು. ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ಎಷ್ಟಾದರೂ ಬೇರೆಯವರ ಮನೆ.