ಹದಿನಾಲ್ಕು ದಿನ ಒಳಗೆ, ಏಳು ದಿನ ಹೊರಗೆ

ಅರಿಜೋನಾದ ಆ ಕ್ಯಾಂಪಿನಲ್ಲಿ ಚಳಿಗಾಲದ ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಮಡಚುವ ಕುರ್ಚಿಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಹೊಸದಾಗಿ ಬಂದವರು, ಒಳಗೇ ಒಲೆ ಹಾಸಿಗೆಯೆಲ್ಲ ಇರುವ ತಮ್ಮ ಮನೆಗಾಡಿಯನ್ನು ಹಿಂದಕ್ಕೆ ಓಡಿಸಿ ಜಾಗಕ್ಕೆ ಸೇರಿಸುವ ಹೊತ್ತು ಅದು. ಗಂಡ ಸ್ಟಿಯರಿಂಗ್ ಹಿಡಿದಿರುತ್ತಾನೆ, ಹೆಂಡತಿ ಹಿಂದೆ ನಿಂತು ಕೈ ಬೀಸುತ್ತಾಳೆ, ಎಡ ಅಂದರೆ ಯಾರ ಎಡ ಎಂಬ ಜಗಳ ಪ್ರತಿದಿನ ಹೊಸದಾಗಿ ಹುಟ್ಟುತ್ತದೆ. ಕುರ್ಚಿಯಲ್ಲಿ ಕೂತವರು ಬಾಯಿ ಹಾಕುವುದಿಲ್ಲ. ಅದು ಅಲ್ಲಿನ ಮರ್ಯಾದೆ. ಕಾಫಿ ಲೋಟದ ಮರೆಯಲ್ಲಿ ನಗುತ್ತಾರೆ, ಅಷ್ಟೆ.

ಯೂನಿಸ್ ಮತ್ತು ಡೆಲ್ಬರ್ಟ್ ಕ್ರಲ್ ದಂಪತಿ ಆರು ವರ್ಷಗಳಲ್ಲಿ ಯಾವ ಕ್ಯಾಂಪಿನವರಿಗೂ ಈ ನಾಟಕ ತೋರಿಸಿರಲಿಲ್ಲ. ಯೂನಿಸ್ ಅಂಗೈ ತೆರೆದು ತೋರಿಸಿದರೆ ಬಾ, ಮುಷ್ಟಿ ಕಟ್ಟಿದರೆ ನಿಲ್ಲು. ಡೆಲ್ಬರ್ಟ್ ಕನ್ನಡಿಯಲ್ಲಿ ಅವಳ ಕೈಯನ್ನೇ ನೋಡುತ್ತ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ, ಮೂವತ್ತು ಅಡಿಯ ಗಾಡಿಯನ್ನು ಒಂದೇ ಸಲಕ್ಕೆ ಒಳಗೆ ಸೇರಿಸುತ್ತಿದ್ದ.

ಆ ಮಂಗಳವಾರ ಅವಳು ಮುಷ್ಟಿ ಕಟ್ಟಿದಳು. ಗಾಡಿ ನಿಲ್ಲಲಿಲ್ಲ. ಎರಡೂ ಮುಷ್ಟಿಗಳನ್ನು ತಲೆಯ ಮೇಲಕ್ಕೆತ್ತಿದಳು. ಆಮೇಲೆ ಕೂಗಿದಳು. ಅಷ್ಟರಲ್ಲಿ ಬಂಪರು ನಲ್ಲಿಯ ಕಂಬವನ್ನು ಮುರಿದು, ನೀರು ಆಳೆತ್ತರಕ್ಕೆ ಚಿಮ್ಮಿ, ಅವಳನ್ನು ತಲೆಯಿಂದ ಕಾಲಿನವರೆಗೆ ತೋಯಿಸಿತು. ಪಕ್ಕದ ಜಾಗದ ಆರ್ವಿಲ್ಲಾ ಎಂಬ ಎಪ್ಪತ್ತರ ಹೆಂಗಸು ಕುರ್ಚಿಯಿಂದೆದ್ದು, ಸಾಲಿನ ಕೊನೆಗೆ ಹೋಗಿ ನೀರಿನ ದೊಡ್ಡ ತಿರುಪನ್ನು ಮುಚ್ಚಿ ಬಂದಳು.

ಡೆಲ್ಬರ್ಟ್ ಇಳಿದು ಬಂದ. ಮುರಿದ ಕಂಬದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಬಿಸಿಲಿಗೆ ಎದುರಾಗಿ ನಿಂತಿದ್ದೆ ಕಣೇ ನೀನು. ಕಾಣ್ಲೇ ಇಲ್ಲ."

ಯೂನಿಸ್ ನಿಂತಿದ್ದದ್ದು ನೆರಳಿನಲ್ಲಿ. ಕುರ್ಚಿಗಳಲ್ಲಿದ್ದವರೆಲ್ಲ ಅದನ್ನು ನೋಡಿದ್ದರು. "ಹೌದು, ಬಿಸಿಲು ಜಾಸ್ತಿ" ಅಂದು ಅವಳು ಟವೆಲು ತರಲು ಒಳಗೆ ಹೋದಳು.

ಯೂನಿಸ್ ನೆಬ್ರಾಸ್ಕಾದ ಒಂದು ಸಣ್ಣ ಊರಿನಲ್ಲಿ ಇಪ್ಪತ್ತೇಳು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಹಿಮ ಬಿದ್ದ ಮುಂಜಾನೆಗಳಲ್ಲಿ, ಜೋಳದ ಹೊಲಗಳ ನಡುವಿನ ಮಣ್ಣುದಾರಿಗಳಲ್ಲಿ, ಒಬ್ಬೊಬ್ಬ ಮಗುವನ್ನೂ ಹೆಸರು ಹಿಡಿದು ಹತ್ತಿಸಿಕೊಂಡು ಹೋದವಳು. ಅವಳ ಬಸ್ಸಿಗೆ ಒಂದು ಗೀರೂ ಬಿದ್ದದ್ದಿಲ್ಲ. ಆ ಕೆಲಸದಲ್ಲಿ ಮೊದಲ ದಿನವೇ ಕಲಿಸುವ ಪಾಠ ಒಂದಿತ್ತು. ಬಸ್ಸನ್ನು ಹಿಂದಕ್ಕೆ ಓಡಿಸಬಾರದು, ಹಿಂದೆ ಯಾವ ಮಗು ಇದೆಯೋ ಯಾರಿಗೆ ಗೊತ್ತು. ತಿರುಗಿಸಲು ಜಾಗವಿಲ್ಲದಿದ್ದರೆ ಎರಡು ಮೈಲಿ ಸುತ್ತು ಹಾಕಿಕೊಂಡು ಬಾ. ಅವಳು ಇಪ್ಪತ್ತೇಳು ವರ್ಷ ಸುತ್ತು ಹಾಕಿಕೊಂಡೇ ಬಂದಿದ್ದಳು.

ಡೆಲ್ಬರ್ಟ್ ಧಾನ್ಯದ ಉಗ್ರಾಣದಲ್ಲಿದ್ದವನು. ಜೀವನವಿಡೀ ಒಂದೇ ಕಿಟಕಿಯಿಂದ ಒಂದೇ ರೈಲುಹಳಿ ನೋಡಿದವನು. ನಿವೃತ್ತಿಯಾದ ಮೇಲೆ ಮನೆ ಮಾರಿ ಈ ಗಾಡಿ ಕೊಳ್ಳೋಣ ಎಂದದ್ದು ಅವನೇ. ಹೊರಟ ದಿನ ಅವಳು ಅಭ್ಯಾಸಬಲದಿಂದ ಎಡಗಡೆಯ, ಚಾಲಕನ ಬಾಗಿಲಿನ ಹತ್ತಿರ ಹೋದಾಗ, ಅವನು ಅವಳ ತೋಳು ಹಿಡಿದು ಬಲಗಡೆಗೆ ಕರೆದುಕೊಂಡು ಬಂದ. "ಊರಿನ ಮಕ್ಕಳನ್ನೆಲ್ಲ ಹೊತ್ತು ತಿರುಗಿದ್ದು ಸಾಕು. ಇನ್ಮೇಲೆ ನೀನು ಕೂತ್ಕೊಂಡು ಕಿಟಕಿ ನೋಡು" ಅಂದ. ಅದು ಅವನು ಕೊಟ್ಟ ಉಡುಗೊರೆ. ಉಡುಗೊರೆಯನ್ನು ಹಿಂದಕ್ಕೆ ಕೊಡುವುದು ಹೇಗೆಂದು ತಿಳಿಯದೆ ಅವಳು ಆರು ವರ್ಷ ಕಿಟಕಿ ನೋಡಿದ್ದಳು.

ಕಿಟಕಿ ನೋಡುತ್ತ ಬೋರ್ಡುಗಳನ್ನು ಜೋರಾಗಿ ಓದುವುದು ಯಾವಾಗ ಶುರುವಾಯಿತೋ ಅವಳಿಗೆ ನೆನಪಿರಲಿಲ್ಲ. ಮೊದಲು ತಮಾಷೆಗೆ, ಊರುಗಳ ವಿಚಿತ್ರ ಹೆಸರುಗಳಿಗಾಗಿ. ಹೋದ ವಸಂತದಿಂದೀಚೆಗೆ ಎಲ್ಲವನ್ನೂ ಓದುತ್ತಿದ್ದಳು. ಎಡಕ್ಕೆ ತಿರುವು, ಮುಂದೆ ಸೇತುವೆ, ವೇಗ ಇಳಿಸಿ. ಅವನು "ಏನು ರೇಡಿಯೋ ಆಗ್ಬಿಟ್ಯಲ್ಲೇ" ಎಂದು ರೇಗಿಸುತ್ತಿದ್ದ, ಅವಳು ಓದಿದ ಮೇಲೆಯೇ ವೇಗ ಇಳಿಸುತ್ತಿದ್ದ.

ಒದ್ದೆ ಬಟ್ಟೆ ಹಿಂಡುತ್ತ ಯೂನಿಸ್ ಅದನ್ನೆಲ್ಲ ಮೊದಲ ಸಲ ಒಟ್ಟಿಗೆ ಇಟ್ಟು ನೋಡಿದಳು. ಮಕ್ಕಳಿದ್ದ ಬಸ್ಸಿಗೆ ಇಂಥ ಚಾಲಕನನ್ನು ಹತ್ತಲು ಬಿಡುತ್ತಿದ್ದಳೆ? ರಸ್ತೆಯಲ್ಲಿ ಎದುರಿಗೆ ಬರುವ ಗಾಡಿಗಳಲ್ಲೂ ಮಕ್ಕಳಿರುತ್ತಾರೆ.

ಅವರು ಈ ಕ್ಯಾಂಪಿಗೆ ಬಂದದ್ದು ಅದನ್ನು ನಡೆಸುವ ಕಂಪನಿಯ ಕರೆಯ ಮೇಲೆ. ಮೂರು ರಾತ್ರಿ ಬಿಟ್ಟಿಯಾಗಿ ಇರಬಹುದು. ಪ್ರತಿಯಾಗಿ ಬುಧವಾರ ಬೆಳಿಗ್ಗೆ ಆಫೀಸಿನಲ್ಲಿ ಒಂದೂವರೆ ಗಂಟೆ ಕೂತು, ಸದಸ್ಯತ್ವದ ವಿಷಯ ಕೇಳಬೇಕು. ಸದಸ್ಯರಾದರೆ ಕಂಪನಿಯ ಯಾವ ಕ್ಯಾಂಪಿನಲ್ಲಾದರೂ ಹದಿನಾಲ್ಕು ದಿನ ಇರಬಹುದು. ಹದಿನೈದನೆಯ ದಿನ ಜಾಗ ಬಿಟ್ಟು, ಏಳು ದಿನ ಬೇರೆಲ್ಲಾದರೂ ಕಳೆದು, ಮತ್ತೆ ಬರಬಹುದು. ಹದಿನಾಲ್ಕು ಒಳಗೆ, ಏಳು ಹೊರಗೆ. ಒಟ್ಟಿಗೆ ಹತ್ತು ವರ್ಷಕ್ಕೆ ಬರೆದುಕೊಟ್ಟರೆ ತುಂಬ ಅಗ್ಗ. ಡೆಲ್ಬರ್ಟ್ ಕರೆ ಬಂದಾಗಿನಿಂದ ಹತ್ತು ವರ್ಷದ ಜಪ ಹಿಡಿದಿದ್ದ. ಒಂದು ಸೇಬು ಕೊಳ್ಳಲು ನಾಲ್ಕು ಸೇಬು ಅದುಮಿ ನೋಡುವ ಮನುಷ್ಯನಿಗೆ ಇದರಲ್ಲಿ ಮಾತ್ರ ಏಕಿಷ್ಟು ಅವಸರ ಎಂದು ಅವಳಿಗೆ ಅರ್ಥವಾಗಿರಲಿಲ್ಲ.

ಸಂಜೆ ಆರ್ವಿಲ್ಲಾ ಒಂದು ಪಾತ್ರೆ ಹುರುಳಿಕಾಯಿ ಸೂಪು ಹಿಡಿದು ಬಂದಳು. ನೀರಿಲ್ಲದ ಮನೆಯಲ್ಲಿ ಏನು ಬೇಯಿಸುತ್ತೀರಿ ಎಂಬುದು ನೆಪ. ಅವಳು ಹನ್ನೊಂದು ವರ್ಷದಿಂದ ಸದಸ್ಯೆ, ಗಂಡ ತೀರಿಕೊಂಡು ಮೂರು ವರ್ಷ. ಡೆಲ್ಬರ್ಟ್ ಒಳಗೆ ಒರಗಿದ್ದಾಗ ಯೂನಿಸ್ ಮೆಲ್ಲಗೆ, ಅದರಿಂದ ಪ್ರಯೋಜನವಿದೆಯೇ ಎಂದು ಕೇಳಿದಳು. ಓಡಾಡುವವರಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದಳು ಆರ್ವಿಲ್ಲಾ. ಬೆಚ್ಚಗಿನ ಈಜುಕೊಳ, ಪರಿಚಯದ ಮುಖಗಳು, ರಾತ್ರಿ ಕಾವಲು. ಆದರೆ ತನ್ನ ಗಂಡನ ಕಾಲು ಕೆಟ್ಟ ವರ್ಷ ಅವರ ಸದಸ್ಯತ್ವದ ಕಾರ್ಡು ಡ್ರಾಯರಿನಲ್ಲೇ ಬಿದ್ದಿತ್ತು. ತಾನು ಗಾಡಿ ಓಡಿಸಲು ಕಲಿತದ್ದು ಅವನನ್ನು ಮಣ್ಣು ಮಾಡಿ ಬಂದ ಮೇಲೆ.

"ಎಲ್ರೂ ಜಾಗ ಸಿಗುತ್ತೆ ಅಂತ ಕಾರ್ಡು ತಗೋತಾರೆ ಕಣಮ್ಮ. ಅದು ಜಾಗ ಬಿಡೋ ಕಾರ್ಡು. ಹದಿನೈದನೇ ದಿನ ಬೆಳಿಗ್ಗೆ ಕೀಲಿ ತಿರುಗ್ಸೋರು ಯಾರು, ಅದನ್ನ ನೋಡ್ಕೊ ಮೊದ್ಲು."

ಯೂನಿಸ್ ಬೆರಳು ಮಡಚಿ ಎಣಿಸಿದಳು. ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ, ಎರಡೂ ಸೇರಿ ವರ್ಷಕ್ಕೆ ಹೆಚ್ಚುಕಡಿಮೆ ಮೂವತ್ತೈದು ಸಲ ಹೊರಡಬೇಕು. ಮೂವತ್ತೈದು ಸಲ ಹಿಂದಕ್ಕೆ ಓಡಿಸಿ ಜಾಗ ಸೇರಬೇಕು. ಆರ್ವಿಲ್ಲಾ ಮುರಿದ ನಲ್ಲಿಯ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಯೂನಿಸ್‌ಗೆ ಸಾಕಾಯಿತು.

ಬುಧವಾರ ಆಫೀಸಿನಲ್ಲಿ ಕಾಫಿ, ಸಕ್ಕರೆ ಹಚ್ಚಿದ ಡೋನಟ್ಟು, ಗೋಡೆ ತುಂಬ ನಕಾಶೆ. ಜಾನೆಲ್ ಎಂಬ ಹುಡುಗಿ ಚೆನ್ನಾಗಿ ಮಾತಾಡಿದಳು. ಅವಳ ಅಜ್ಜ ಅಜ್ಜಿಯೂ ಸದಸ್ಯರಂತೆ. ನಲ್ಲಿಯ ವಿಷಯವನ್ನು ಅವಳೇ ತೇಲಿಸಿಬಿಟ್ಟಳು. ಮಧ್ಯಾಹ್ನ ರಿಪೇರಿಯವರು ಬರುತ್ತಾರೆ, ಎರಡು ಗಂಟೆಯೊಳಗೆ ಗಾಡಿಯನ್ನು ನಲವತ್ತೊಂದನೆಯ ಜಾಗಕ್ಕೆ ಬದಲಾಯಿಸಿಕೊಂಡರೆ ಸಾಕು ಎಂದಳು. ಆಮೇಲೆ ಹತ್ತು ವರ್ಷದ ಕಾಗದವನ್ನು ಡೆಲ್ಬರ್ಟ್ ಮುಂದಿಟ್ಟಳು.

ಅವನು ಕನ್ನಡಕ ಹಾಕಿಕೊಂಡು ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ. ಓದುವಷ್ಟು ಹೊತ್ತು ಸುಮ್ಮನಿದ್ದು, "ಎಲ್ಲ ಸರಿಯಾಗಿದೆ" ಅಂದ. ಪೆನ್ನು ತೆಗೆದುಕೊಂಡ. ಪೆನ್ನಿನ ಮೊನೆ ಕಾಗದದ ಮೇಲೆ ಮೆಲ್ಲಗೆ ಅಲೆದು, ಕೆಳಗಿನ ಗೆರೆಯನ್ನು ದಾಟಿ, ಮೇಲಿನ ಸಾಲುಗಳ ನಡುವೆ ಬಂದು ನಿಂತಿತು. ಜಾನೆಲ್ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯೂನಿಸ್ ಅವನ ಕೈಯ ಮೇಲೆ ಕೈಯಿಟ್ಟಳು.

ಇವರಿಗೆ ಒಳಗೆ ಸೆಕೆಯಾಗುತ್ತಿದೆ, ಐದು ನಿಮಿಷ ಹೊರಗೆ ನಿಂತು ಬರುತ್ತೇವೆ ಎಂದಳು. ಈ ಬೆಲೆ ಇವತ್ತಿಗೆ ಮಾತ್ರ ಎಂದಳು ಜಾನೆಲ್, ನಗುತ್ತಲೇ.

ಹೊರಗೆ ಯಾರೋ ಇಬ್ಬರು ಮುದುಕರು ಕುದುರೆ ಲಾಳ ಎಸೆಯುವ ಆಟ ಆಡುತ್ತಿದ್ದರು. ಲಾಳ ಗೂಟಕ್ಕೆ ಬಡಿದ ಸದ್ದಿಗೆ ಡೆಲ್ಬರ್ಟ್ ಆ ಕಡೆ ತಿರುಗಿ ನೋಡಿದ. ನೋಟ ಗೂಟದಿಂದ ಒಂದು ಗೇಣು ಪಕ್ಕಕ್ಕಿತ್ತು.

"ಯಾವಾಗಿಂದ, ಡೆಲ್?"

"ಹೋದ ವಸಂತದಿಂದ" ಅಂದ. "ಸುತ್ತ ಎಲ್ಲ ಕಾಣುತ್ತೆ. ಮಧ್ಯ ಮಾತ್ರ, ಬೆರಳಿಂದ ಒರೆಸಿದ ಹಾಗೆ. ನಿನ್ನ ಕೈ ಕಾಣುತ್ತೆ ಕಣೇ. ಮುಷ್ಟಿಯೋ ಅಂಗೈಯೋ ಗೊತ್ತಾಗಲ್ಲ."

"ನಾನು ಬೋರ್ಡು ಓದ್ತಿದ್ದೆ."

"ಓದ್ತಿದ್ದೆ. ಯಾಕೆ ಓದ್ತಿದೀಯ ಅಂತ ನಾನು ಕೇಳ್ಲಿಲ್ಲ. ನೀನೂ ಹೇಳ್ಲಿಲ್ಲ."

ತಪ್ಪು ಅರ್ಧ ತನ್ನದು ಎಂಬುದು ಅವಳಿಗೆ ಗೊತ್ತಿತ್ತು. ಆದ್ದರಿಂದ ಬೈಯಲಿಲ್ಲ. ಹಾಗಿದ್ದೂ ಹತ್ತು ವರ್ಷದ ಹಟ ಏಕೆ ಎಂದಷ್ಟೇ ಕೇಳಿದಳು. ಅವನು ಬೂಟಿನ ತುದಿಯಿಂದ ಮರಳು ಕೆದಕಿದ.

"ಸಹಿ ಹಾಕಿಬಿಟ್ರೆ ನಿಲ್ಲೋ ಹಾಗಿಲ್ವಲ್ಲ ಅಂದ್ಕೊಂಡೆ. ನಿಂತ್ರೆ ನಾವು ಎಲ್ಲಿಗೆ ಹೋಗ್ತೀವಿ? ಮನೆ ಮಾರಿಸಿದ್ದು ನಾನು."

ಅವಳು ಮತ್ತೆ ಒಳಗೆ ಹೋದಳು. ಸದಸ್ಯತ್ವ ಕೆಟ್ಟದ್ದೇನಲ್ಲ, ಆದರೆ ಇವತ್ತು ಬೇಡ ಎಂದು ಜಾನೆಲ್‌ಗೆ ಹೇಳಿದಳು. ಬೆಲೆ ಏರುತ್ತದೆ ಎಂದು ಆ ಹುಡುಗಿ ಎಚ್ಚರಿಸಿದಾಗ, ಏರಲಿ, ಮೂವತ್ತೈದು ಸಲ ಹೊರಡುವವರಿಗೆ ಅದು ಏರಿದರೂ ಅಗ್ಗವೇ ಎಂದಳು. ತಾವು ಒಂದು ಸಲವಾದರೂ ಹೊರಡಬಲ್ಲೆವೇ ಎಂಬುದನ್ನು ಮೊದಲು ನೋಡಬೇಕಿತ್ತು.

ಒಂದೂವರೆಗೆಲ್ಲ ಅವಳು ಗಾಡಿಯ ಕರೆಂಟಿನ ವಯರು ಬಿಚ್ಚಿ, ಮೆಟ್ಟಿಲು ಮಡಚಿ, ಸುತ್ತ ಒಂದು ಪ್ರದಕ್ಷಿಣೆ ಬಂದಳು. ಡೆಲ್ಬರ್ಟ್ ಚಾಲಕನ ಬಾಗಿಲ ಬಳಿ ನಿಂತಿದ್ದ. ಕೀಲಿಗೊಂಚಲು ಅವನ ಅಂಗೈಯಲ್ಲಿತ್ತು. ಅವಳು ಕೈ ಚಾಚಲಿಲ್ಲ. ಅವನೇ ಕೊಟ್ಟ.

"ಕಿಟಕಿ ನೋಡಿದ್ದು ಸಾಕಾಯ್ತಾ?" ಅಂದ.

"ನೋಡ್ದೆ ಕಣೋ. ಚೆನ್ನಾಗಿತ್ತು."

ಸೀಟು ಆರು ವರ್ಷದಿಂದ ಅವನ ಕಾಲಿನ ಅಳತೆಗೆ ಕೂತಿತ್ತು. ಅವಳು ಅದನ್ನು ಎರಡು ಸಲ ಎಳೆದು ಮುಂದೆ ತಂದಳು. ಕನ್ನಡಿಗಳನ್ನು ಸರಿಪಡಿಸಿದಳು. ಮುಂದಕ್ಕೆ ಓಡಿಸುವುದು ಕೈಗೆ ತಾನಾಗಿಯೇ ಬಂತು. ತಿರುವಿನಲ್ಲಿ ಅವಳು ಬಸ್ಸಿನ ಹಳೆಯ ಅಭ್ಯಾಸದಂತೆ ತಲೆಯ ಮೇಲಿನ ಕನ್ನಡಿಯಲ್ಲಿ ಮಕ್ಕಳನ್ನು ಹುಡುಕಿದಳು. ಅಲ್ಲಿ ಕಂಡದ್ದು ಅಡುಗೆ ಒಲೆ ಮತ್ತು ಡೆಲ್ಬರ್ಟ್‌ನ ಟೋಪಿ.

ನಲವತ್ತೊಂದರ ಮುಂದೆ ಕುರ್ಚಿಗಳು ಹೊತ್ತಿಗೆ ಮೊದಲೇ ಬಂದಿದ್ದವು. ಡೆಲ್ಬರ್ಟ್ ಇಳಿದು ಹಿಂದೆ ಹೋಗಿ ನಿಂತು, ಆರು ವರ್ಷ ಕನ್ನಡಿಯಲ್ಲಿ ನೋಡಿದ ಸನ್ನೆಗಳನ್ನು ಮಾಡತೊಡಗಿದ. ಎಲ್ಲವೂ ತಿರುವುಮುರುವು. ಗಾಡಿ ಬಲಕ್ಕೆ ಹೋಗಬೇಕಾದಲ್ಲಿ ಎಡದ ಪೊದೆಯನ್ನು ಸವರಿತು. ಯಾರೋ ಕಾಫಿ ನೆತ್ತಿಗೇರಿ ಕೆಮ್ಮಿದರು.

ಅವಳು ನಿಲ್ಲಿಸಿ ಇಳಿದು ಹಿಂದಕ್ಕೆ ನಡೆದಳು. ಹಿಂದೆ ಯಾರೂ ಇಲ್ಲ, ಅವನೊಬ್ಬನೇ.

"ಕೈ ಬಿಡು. ಗಾಡಿ ಪಕ್ಕದಲ್ಲೇ ನಡ್ಕೊಂಡು ಬಾ, ಕಿಟಕಿ ತೆಗೆದಿರ್ತೀನಿ. ಸರಿಯಿದ್ರೆ ಒಂದು ತಟ್ಟು. ನಿಲ್ಲಬೇಕಾದ್ರೆ ಎರಡು."

"ನಂಗೆ ಕಾಣ್ದೆ ಹೋದ್ರೆ?"

"ಕಂಬ ಕೈಗೆ ಸಿಗುತ್ತಲ್ಲ, ಮುಟ್ಟಿ ನೋಡು."

ಮುಂದಿನದಕ್ಕೆ ಕಾಲು ಗಂಟೆ ಹಿಡಿಯಿತು. ಅವನು ಒಂದು ಕೈಯಿಂದ ತಗಡು ಸವರುತ್ತ, ಇನ್ನೊಂದು ಕೈಯನ್ನು ಮುಂದೆ ಚಾಚಿ ನಡೆದ. ಒಂದು ತಟ್ಟು. ಒಂದು ತಟ್ಟು. ಹೊರಗೆ ಉಳಿದ ಮಗು ಬಸ್ಸಿನ ಬದಿಯನ್ನು ಬಡಿಯುವ ಸದ್ದನ್ನು ಇಪ್ಪತ್ತೇಳು ವರ್ಷ ಕೇಳಿದ್ದ ಅವಳ ಕಿವಿಗೆ ಅದು ಸ್ಪಷ್ಟವಾಗಿ ಬಿತ್ತು. ಎರಡು ತಟ್ಟು. ಅವಳು ನಿಲ್ಲಿಸಿ ಕನ್ನಡಿಯಲ್ಲಿ ನೋಡಿದಳು. ಅವನು ನಲ್ಲಿಯ ಕಂಬವನ್ನು ಹಿಡಿದುಕೊಂಡು ನಿಂತಿದ್ದ, ಗಾಡಿಗೂ ಕಂಬಕ್ಕೂ ನಡುವೆ ಒಂದು ಮೊಳ.

ಆರ್ವಿಲ್ಲಾ ಎದ್ದು ತನ್ನ ಕುರ್ಚಿ ಮಡಚಿದಳು. ಉಳಿದವರೂ ಮಡಚಿದರು.

ಸಂಜೆ ಮೆಟ್ಟಿಲ ಮೇಲೆ ಕೂತು ಯೂನಿಸ್ ಮುಂದಿನದನ್ನು ಹೇಳಿದಳು. ಶುಕ್ರವಾರ ಇಲ್ಲಿಂದ ಹೊರಟು ಪೇಟೆಯಲ್ಲಿ ಕಣ್ಣಿನ ಡಾಕ್ಟರನ್ನು ಕಾಣುವುದು. ಅಲ್ಲಿಂದ ಮರುಭೂಮಿಯ ಬಯಲಿಗೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಕಡೆಗೆ.

"ಹೊರಗಿನ ಏಳು ದಿನ ಮೊದ್ಲು ಮಾಡಿ ನೋಡೋಣ. ಹದಿನಾಲ್ಕರ ಮಾತು ಆಮೇಲೆ."

"ಬಯಲಲ್ಲಿ ನಲ್ಲಿ ಇರಲ್ವಲ್ಲ" ಅಂದ ಡೆಲ್ಬರ್ಟ್.

"ಅದಕ್ಕೇ ಕಣೋ."

ಅವನು ನಕ್ಕ. ದಾರಿಯ ಬೋರ್ಡುಗಳನ್ನು ಇನ್ನು ಯಾರು ಓದುವುದು ಎಂದು ಕೇಳಿದ. ತಾನೇ ಓದುತ್ತೇನೆ ಎಂದಳು ಅವಳು, ಅವನು ಸುಮ್ಮನೆ ಕೂತು ಕೇಳಲಿ.